‘ಟೌನ್’ ಪದದ ಬೇರು ಹಿಡಿಯುವುದು ಹೇಗೆ?

ಇಂಗ್ಲಿಷಿನ ‘ಟೌನ್’ ನಮ್ಮ ‘ತಾಣ’ದಿಂದ ಹುಟ್ಟಿತು ಎಂದು ಹಟ ಹಿಡಿದು ವಾದಿಸುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಕಿವಿಯೊಂದನ್ನೇ ನಂಬಿದರೆ ಹೀಗಾಗುತ್ತದೆ. ತಾಣ ಸಂಸ್ಕೃತದ ‘ಸ್ಥಾನ’ದ ತದ್ಭವ, ಇಂಗ್ಲಿಷಿನಲ್ಲಿ ಅದರ ನಿಜವಾದ ನೆಂಟ ‘ಸ್ಟ್ಯಾಂಡ್’.

ಮೊದಲು ಪದದ ಹಳೆಯ ರೂಪ ಹುಡುಕಿ. ಹಳೆಯ ಇಂಗ್ಲಿಷಿನಲ್ಲಿ ಅದು ‘ಟೂನ್’, ಅಂದರೆ ಬೇಲಿ ಹಾಕಿದ ಜಾಗ. ಪದಗಳ ಚರಿತ್ರೆ ಕೊಡುವ ದೊಡ್ಡ ನಿಘಂಟನ್ನೇ ತೆರೆಯಿರಿ. ಅನುವಾದದ ಆ್ಯಪ್ ಬೇಡವೇ ಬೇಡ. ಅದು ‘ಟೌನ್’ಗೆ ಜರ್ಮನ್ನಿನ ‘ಶ್ಟಾಟ್’ ತೋರಿಸುತ್ತದೆ. ಅರ್ಥ ಸರಿ, ಆದರೆ ಶ್ಟಾಟ್ ಬೇರೆ ಮನೆತನದ್ದು, ಸ್ಥಾನದ ಬಳಗಕ್ಕೆ ಸೇರಿದ್ದು.

ಆಮೇಲೆ ಸೋದರ ಭಾಷೆಗಳ ರೂಪಗಳನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ: ಜರ್ಮನ್ ‘ತ್ಸೌನ್’ ಎಂದರೆ ಬೇಲಿ, ಡಚ್ ‘ಟೌಯ್ನ್’ ಎಂದರೆ ತೋಟ, ಐಸ್‌ಲ್ಯಾಂಡಿಕ್ ‘ಟೂನ್’ ಎಂದರೆ ಮನೆಯ ಬಳಿಯ ಹುಲ್ಲಿನ ಹೊಲ.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಇವು ಒಂದೇ ಬೇರಿನವು ಎನ್ನಲು ಹೋಲಿಕೆ ಸಾಲದು, ವ್ಯತ್ಯಾಸವೂ ನಿಯಮದಂತೆ ಇರಬೇಕು. ತಮಿಳಿನ ‘ಪಾಲ್’ ನಮ್ಮಲ್ಲಿ ಹಾಲು, ‘ಪುಲಿ’ ನಮ್ಮಲ್ಲಿ ಹುಲಿ, ‘ಪೂ’ ನಮ್ಮಲ್ಲಿ ಹೂ ಆದದ್ದನ್ನು ನೆನಪಿಸಿಕೊಳ್ಳಿ. ಹಾಗೆಯೇ ಪದದ ಮೊದಲಲ್ಲಿ ಇಂಗ್ಲಿಷಿನ ‘ಟ’ ಜರ್ಮನ್ನಿನಲ್ಲಿ ‘ತ್ಸ’: ಟೆನ್–ತ್ಸೇನ್, ಟೂತ್–ತ್ಸಾನ್, ಟಂಗ್–ತ್ಸುಂಗೆ. ಟೌನ್–ತ್ಸೌನ್ ಈ ಸಾಲಿಗೆ ಸರಿಯಾಗಿ ಕೂರುತ್ತದೆ. ಇಷ್ಟಕ್ಕೇ ನಿಲ್ಲಬೇಡಿ, ಸ್ವರವನ್ನೂ ಒರೆಗೆ ಹಚ್ಚಿ. ಇಂಗ್ಲಿಷ್, ಜರ್ಮನ್ ಎರಡರಲ್ಲೂ ‘ಹೌಸ್’, ಐಸ್‌ಲ್ಯಾಂಡಿಕ್‌ನಲ್ಲಿ ‘ಹೂಸ್’. ಎರಡರಲ್ಲೂ ‘ಮೌಸ್’, ಅಲ್ಲಿ ‘ಮೂಸ್’. ಟೌನ್, ತ್ಸೌನ್, ಟೂನ್ ಕೂಡ ಅದೇ ಜಾಡಿನವು. ಕನಿಷ್ಠ ಮೂರು ಜೋಡಿ ಸಿಗದೆ ನಾನು ಯಾವ ಸಂಬಂಧವನ್ನೂ ಒಪ್ಪುವುದಿಲ್ಲ, ನೀವೂ ಒಪ್ಪಬೇಡಿ. ನಿಯಮ ಮುರಿದಂತೆ ಕಂಡರೆ ಎರವಲು ಪದವೇ ಎಂದು ನೋಡಿ: ಚಹಾಕ್ಕೆ ಜರ್ಮನ್ನರು ‘ಟೇ’ ಎನ್ನುತ್ತಾರೆ, ‘ತ್ಸೇ’ ಎನ್ನುವುದಿಲ್ಲ. ಆ ಧ್ವನಿ ಬದಲಾವಣೆ ಮುಗಿದು ಎಷ್ಟೋ ಶತಮಾನಗಳಾದ ಮೇಲೆ ಬಂದ ಪದ ಅದು.

ಧ್ವನಿ ಕೂಡಿದ ಮೇಲೆ ಅರ್ಥದ ದಾರಿ ಸಲೀಸು. ಬೇಲಿ ಜರ್ಮನ್ನಿನಲ್ಲಿ ಬೇಲಿಯಾಗಿಯೇ ಉಳಿಯಿತು, ಡಚ್ಚರಲ್ಲಿ ಬೇಲಿಯೊಳಗಿನ ತೋಟವಾಯಿತು, ಇಂಗ್ಲಿಷಿನಲ್ಲಿ ತೋಟದ ಮನೆ, ಹಳ್ಳಿ, ಕೊನೆಗೆ ಪಟ್ಟಣ. ನಾರ್ಟನ್, ಸಟನ್ ಎಂಬ ಊರುಗಳ ಬಾಲದ ‘ಟನ್’ ಇದೇ. ಕನ್ನಡಿಗರಿಗೆ ಈ ಜಿಗಿತ ಹೊಸದಲ್ಲ: ಕುರಿ ಕೂಡುವ ದೊಡ್ಡಿಯೂ ಹಟ್ಟಿ, ಗೊಲ್ಲರು ನೆಲೆಸಿದ ಊರೂ ಹಟ್ಟಿ. ತಮಿಳಿನಲ್ಲಿ ಅದು ‘ಪಟ್ಟಿ’.