ಸಾವಿನ ಸುದ್ದಿ ಮೊದಲು ಮನೆಯವರದು

ಪಕ್ಕದ ಮನೆಯ ಅಂಕಲ್ ಬೆಳಗ್ಗೆ 6 ಗಂಟೆಗೆ ತೀರಿಕೊಂಡರು. ಕಾಲು ಗಂಟೆಯೊಳಗೆ ನಾನು ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕಿಬಿಟ್ಟೆ. ಹೆಸರು, ಹೃದಯಾಘಾತ ಅನ್ನುವ ಕಾರಣ, ಜೊತೆಗೊಂದು ಫೋಟೊ. ನಾಲ್ಕು ಜನ ಬೇಗ ಬರಲಿ ಅಂತಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಅವರ ಮಗಳು ಬೇರೆ ಊರಿನಲ್ಲಿದ್ದಳು. ಮನೆಯಿಂದ ಫೋನ್ ಹೋಗುವ ಮೊದಲೇ ಯಾರೋ ಅವಳಿಗೆ 'ಅಪ್ಪನ ವಿಷಯ ತಿಳಿದು ಬೇಜಾರಾಯ್ತು' ಅಂತ ಮೆಸೇಜ್ ಮಾಡಿದ್ದರು. 'ಅಪ್ಪಂಗೆ ಏನಾಯ್ತಮ್ಮಾ?' ಅಂತ ಅವಳು ಫೋನಿನಲ್ಲಿ ಕೂಗಿದ್ದು ಪಕ್ಕದಲ್ಲಿ ನಿಂತಿದ್ದ ನನಗೂ ಕೇಳಿಸಿತು. ಆಂಟಿಗೆ ಮಾತೇ ಹೊರಡಲಿಲ್ಲ.

ತಕ್ಷಣ ಮೆಸೇಜ್ ಅಳಿಸಿದೆ. ವಾಟ್ಸಾಪಿನಲ್ಲಿ 2 ದಿನಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಎಲ್ಲರ ಫೋನಿನಿಂದಲೂ ಅಳಿಸಲು ಆಗುತ್ತದೆ. ಆದರೆ ಅಷ್ಟರಲ್ಲಿ ಫಾರ್ವರ್ಡ್ ಆದದ್ದು ಹಾಗೇ ಉಳಿಯುತ್ತದೆ. ಆಂಟಿಯ ಹತ್ತಿರ ಕ್ಷಮೆ ಕೇಳಿದೆ. ಮಗಳ ಹತ್ತಿರ ಕೇಳಲು ತಿಂಗಳು ಬೇಕಾಯ್ತು.

ಎದುರು ಮನೆಯ ಆಂಟಿ ತೀರಿಕೊಂಡಾಗ ಫೋನ್ ಜೇಬಿನಲ್ಲೇ ಇಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಅವರ ಮಗನನ್ನು ಕೇಳಿದೆ, 'ಎಲ್ಲರಿಗೂ ಹೇಳಿ ಆಯ್ತಾ? ಗ್ರೂಪಿಗೆ ಹಾಕ್ಲಾ?' 'ಈಗ್ಲೇ ಬೇಡಣ್ಣ, ತಮ್ಮ ಇನ್ನೂ ದಾರೀಲಿದ್ದಾನೆ' ಅಂದ. ತಮ್ಮ ಬಂದದ್ದು ಮಧ್ಯಾಹ್ನ 3ಕ್ಕೆ. ಅಲ್ಲಿಯವರೆಗೆ ಸುಮ್ನಿದ್ದೆ. ತೀರಾ ಹತ್ತಿರದವರಿಗೆ ಮಗನೇ ಕೊಟ್ಟ ಪಟ್ಟಿ ನೋಡಿ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಅಂತ್ಯಕ್ರಿಯೆಯ ಸಮಯವನ್ನೂ ಅವರಿಗೆ ಬಾಯಲ್ಲೇ ಹೇಳಿದೆ. ಆ ಹೊತ್ತಿಗೆ ಮನೆ ಖಾಲಿ ಇರುತ್ತದೆ, ಅದು ಊರಿಗೆಲ್ಲ ಯಾಕೆ ಗೊತ್ತಾಗಬೇಕು? ಹುಟ್ಟಿದ ದಿನಾಂಕವನ್ನೂ ಹಾಕುವುದಿಲ್ಲ. ತೀರಿಕೊಂಡವರ ಹೆಸರಿನಲ್ಲಿ ಮೋಸ ಮಾಡುವವರಿಗೆ ಬೇಕಾಗುವುದೇ ಅಂಥ ವಿವರ.

ಗ್ರೂಪಿಗೆ ಮೂರೇ ಸಾಲು ಬರೆದು, ಕಳಿಸುವ ಮೊದಲು ಮಗನಿಗೆ ಕೊಟ್ಟೆ. 'ಬಹಳ ದಿನದ ಕಾಯಿಲೆಯಿಂದ' ಅಂತ ಬರೆದಿದ್ದೆ. ಅವನು ಆ ಮಾತುಗಳನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ. 'ಅಮ್ಮಂಗೆ ಅದು ಯಾರಿಗೂ ಗೊತ್ತಾಗೋದು ಇಷ್ಟ ಇರ್ಲಿಲ್ಲ ಅಣ್ಣ.' ಇಷ್ಟು ವರ್ಷ ಎದುರಿಗೇ ಇದ್ದೆ, ನನಗದು ಗೊತ್ತಿರಲಿಲ್ಲ. ಫೋಟೊ ಕೂಡ ಅವನೇ ಆರಿಸಿ ಕೊಟ್ಟ, ಆಂಟಿ ನಗುತ್ತಿದ್ದದ್ದು.

ಕಳಿಸಿದ ಎರಡೇ ನಿಮಿಷಕ್ಕೆ 'ಏನಾಗಿತ್ತು?' ಅಂತ ಒಬ್ಬರು ಕೇಳಿದರು. 'ಮನೆಯವರು ತುಂಬಾ ನೋವಿನಲ್ಲಿದ್ದಾರೆ, ಈಗ ಕೇಳೋದು ಬೇಡ' ಅಂತ ಬರೆದೆ. ಇನ್ನೊಬ್ಬರು ಅಂತಿಮ ದರ್ಶನಕ್ಕೆ ಬಂದಾಗ ತೆಗೆದ ಫೋಟೊ ಹಾಕಿದರು. ಎಲ್ಲರೆದುರು ಏನೂ ಅನ್ನದೆ ಅವರಿಗೇ ಫೋನ್ ಮಾಡಿದೆ. 'ಹೌದಲ್ವಾ, ಹೊಳೀಲೇ ಇಲ್ಲ' ಅಂದವರು ಆಗಲೇ ತೆಗೆದುಬಿಟ್ಟರು.