ಕ್ರೆಡಿಟ್ ಎಂದರೆ ಯಾರ ಸಾಲ?

ಹಣಕಾಸಿನ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದ ಮೊದಲ ವರ್ಷ, ಒಂದು ಕ್ರೆಡಿಟ್ ಕಾರ್ಡಿನ ಕೈಪಿಡಿ ನನ್ನ ಪಾಲಿಗೆ ಬಂತು. ಅದರಲ್ಲಿ ‘ಕ್ರೆಡಿಟ್ ಬ್ಯಾಲೆನ್ಸ್’ ಎಂಬ ಮಾತಿತ್ತು. ಕ್ರೆಡಿಟ್ ಎಂದರೆ ಸಾಲ, ಬ್ಯಾಲೆನ್ಸ್ ಎಂದರೆ ಬಾಕಿ. ಹಿಂದೆ ಮುಂದೆ ನೋಡದೆ ‘ಸಾಲದ ಬಾಕಿ’ ಎಂದು ಬರೆದೆ. ಕರಡು ತಿದ್ದಿದ ಹಿರಿಯರು ಹಿಂದೆ ಲೆಕ್ಕಪತ್ರ ಬರೆಯುತ್ತಿದ್ದವರು. ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದೇ ಪ್ರಶ್ನೆ ಬರೆದು ಕಳುಹಿಸಿದ್ದರು: ‘ಯಾರು ಯಾರಿಗೆ ಕೊಡಬೇಕು?’

ಉತ್ತರ ಹುಡುಕಲು ಕುಳಿತಾಗ ನಾಚಿಕೆಯಾಯಿತು. ಕಾರ್ಡಿನ ಬಿಲ್ಲು 4,000 ಇದ್ದು, ಬಳಕೆದಾರ ಲೆಕ್ಕ ತಪ್ಪಿ 5,000 ಕಟ್ಟಿದ ಎನ್ನೋಣ. ಹೆಚ್ಚಿಗೆ ಹೋದ 1,000 ಈಗ ಅವನದು, ಅದನ್ನು ಬ್ಯಾಂಕು ಅವನಿಗೆ ಕೊಡಬೇಕು. ಕ್ರೆಡಿಟ್ ಬ್ಯಾಲೆನ್ಸ್ ಎಂದರೆ ಅದೇ. ನನ್ನ ಅನುವಾದ ಓದಿದವನು ತಾನೇ ಇನ್ನೂ 1,000 ಕೊಡಬೇಕೆಂದು ತಿಳಿದು ಮತ್ತೊಮ್ಮೆ ಕಟ್ಟುತ್ತಿದ್ದ!

ನಿಘಂಟು ತೆರೆದರೆ ಸಾಲ, ಜಮೆ, ಉದ್ದರಿ, ನಂಬಿಕೆ, ಶ್ರೇಯಸ್ಸು ಎಲ್ಲವೂ ಒಂದೇ ಸಾಲಿನಲ್ಲಿ ಕುಳಿತಿದ್ದವು. ಯಾವುದು ಎಲ್ಲಿಗೆ ಎಂದು ನಿಘಂಟು ಹೇಳುವುದಿಲ್ಲ. ಪದದ ಬೇರು ಲ್ಯಾಟಿನ್ನಿನ ‘ಕ್ರೆಡೆರೆ’, ಅಂದರೆ ನಂಬು. ಇದು ಗೊತ್ತಾದ ಮೇಲೆ ಸ್ವಲ್ಪ ಬೆಳಕು ಮೂಡಿತು. ಅಂಗಡಿಯವನು ನಂಬಿ ಸರಕು ಕೊಟ್ಟರೆ ಅದು ನಮಗೆ ಉದ್ದರಿ. ನಾವು ನಂಬಿ ಬ್ಯಾಂಕಿನಲ್ಲಿ ಹಣ ಇಟ್ಟರೆ ಅದು ನಮ್ಮ ಖಾತೆಗೆ ಜಮೆ. ಎರಡೂ ಕ್ರೆಡಿಟ್ಟೇ, ಬದಲಾದದ್ದು ನಂಬಿದವರು ಯಾರು ಎಂಬುದು ಮಾತ್ರ. ಹಣ ಇಟ್ಟಾಗ ಬ್ಯಾಂಕು ನಮ್ಮ ಸಾಲದಲ್ಲಿರುತ್ತದೆ ಎಂದು ನಾವು ಯೋಚಿಸುವುದೇ ಇಲ್ಲ. ‘ನಿಮ್ಮ ಖಾತೆಗೆ ಕ್ರೆಡಿಟ್ ಆಗಿದೆ’ ಎಂದು ಮೊಬೈಲಿಗೆ ಬರುವ ಸಂದೇಶ ಬ್ಯಾಂಕಿನ ಪುಸ್ತಕದ ಮಾತು. ಖಾತೆ ವ್ಯಾಪಾರಿಯದಾದರೆ, ಅದೇ ಹಣವನ್ನು ಅವನು ತನ್ನ ಪುಸ್ತಕದಲ್ಲಿ ಬ್ಯಾಂಕಿನ ಹೆಸರಿಗೆ ಡೆಬಿಟ್, ಅಂದರೆ ಬ್ಯಾಂಕು ತನಗೆ ಕೊಡಬೇಕಾದದ್ದು, ಎಂದು ಬರೆದುಕೊಳ್ಳುತ್ತಾನೆ. ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳು ಮೊದಲ ತಿಂಗಳು ತಲೆ ಕೆರೆದುಕೊಳ್ಳುವುದು ಇಲ್ಲಿಯೇ. ‘ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್’ ಎಂಬ ಹಳೆಯ ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ, ಇದು ಯಾರ ಪುಸ್ತಕ ಎಂದು ಮೊದಲು ಕೇಳಿಕೊಂಡರೆ ಅರ್ಧ ಗೊಂದಲ ಕರಗುತ್ತದೆ.

ನನಗೆ ಹೆಚ್ಚು ನೆರವಾದದ್ದು ಇಂಗ್ಲಿಷಿನಾಚೆಯ ಭಾಷೆಗಳು. ಜಮಾ-ಖರ್ಚನ್ನು ಎರಡೆರಡು ಕಡೆ ಬರೆಯುವ ವೆನಿಸ್ಸಿನ ವರ್ತಕರ ಪದ್ಧತಿಯನ್ನು ಇಟಲಿಯ ಗಣಿತಜ್ಞ ಲೂಕಾ ಪಚೋಲಿ 1494ರಲ್ಲಿ ಅಚ್ಚು ಮಾಡಿಸಿದ. ಇಟಲಿಯವರು ಈ ಎರಡು ಬದಿಗಳನ್ನು ಇಂದಿಗೂ ‘ದಾರೆ’, ‘ಅವೇರೆ’ ಎನ್ನುತ್ತಾರೆ: ಡೆಬಿಟ್ ಬದಿ ಕೊಡಬೇಕಾದದ್ದು, ಕ್ರೆಡಿಟ್ ಬದಿ ಪಡೆಯಬೇಕಾದದ್ದು. ಅಲ್ಲಿ ಸಾಲದ ಸುಳಿವೇ ಇಲ್ಲ. ಕ್ರೆಡಿಟ್ ಬದಿ ಎಂದರೆ ‘ಇವನಿಗೆ ಬರಬೇಕಾದದ್ದು’, ಇನ್ನೊಂದು ಮಾತಿನಲ್ಲಿ ‘ಇವನಿಗೆ ಸಲ್ಲಬೇಕಾದದ್ದು’.

ಸಲ್ಲು! ಈ ಕ್ರಿಯಾಪದ ನಮ್ಮಲ್ಲೇ ಇದ್ದೂ ನನಗೆ ಕಂಡಿರಲಿಲ್ಲ. ಹಣ ಸಲ್ಲುತ್ತದೆ, ಗೌರವ ಸಲ್ಲುತ್ತದೆ, ಶ್ರೇಯ ಸಲ್ಲುತ್ತದೆ. ‘ಕೆಲಸ ಮಾಡಿದ್ದು ನಾನು, ಕ್ರೆಡಿಟ್ ಹೋದದ್ದು ಅವನಿಗೆ’ ಎಂದು ಕಚೇರಿಯಲ್ಲಿ ಗೊಣಗುವಾಗಲೂ ಹೇಳುತ್ತಿರುವುದು ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂದೇ. ಕನ್ನಡಕ್ಕೆ ಪದವಿಲ್ಲ ಎಂದು ಕೊರಗುವವರಿಗೆ ನಾನು ಈಗ ಈ ಉದಾಹರಣೆ ಕೊಡುತ್ತೇನೆ.

‘ಕ್ರೆಡಿಟರ್’, ಅಂದರೆ ಹಣ ಬರಬೇಕಾದವನು, ಇನ್ನೊಂದು ತಲೆನೋವು. ‘ಸಾಲಗಾರ’ ಎಂದರೆ ಸಾಲ ಮಾಡಿದವನು ಎನ್ನುತ್ತೇವೆ, ಆದರೆ ‘ಸಾಲಗಾರರ ಕಾಟ’ ಎಂದಾಗ ಕಾಡುವವರು ಸಾಲ ಕೊಟ್ಟವರು! ಹಣದ ಬರಹದಲ್ಲಿ ಹೀಗೆ ಎರಡೂ ಕಡೆ ವಾಲುವ ಪದವನ್ನು ಇಡಲಾಗದು. ‘ಸಾಲ ಕೊಟ್ಟವರು’, ‘ಸಾಲ ಪಡೆದವರು’ ಎಂದು ಬಿಡಿಸಿ ಬರೆಯುತ್ತೇನೆ. ಉದ್ದವಾಗುತ್ತದೆ, ಆಗಲಿ.

‘ಕ್ರೆಡಿಟ್ ನೋಟ್’ ಅನ್ನು ಯಾರೋ ‘ಸಾಲಪತ್ರ’ ಮಾಡಿದ್ದನ್ನು ನೋಡಿದ್ದೇನೆ. ಕೊಂಡವನು ಸರಕು ಹಿಂದಿರುಗಿಸಿದಾಗ, ಅಷ್ಟು ಮೊತ್ತವನ್ನು ಅವನ ಬಾಕಿಯಿಂದ ಕಳೆದಿದ್ದೇನೆ ಎಂದು ಮಾರಿದವನು ಕೊಡುವ ಚೀಟಿ ಅದು. ಸಾಲಪತ್ರವಾದರೋ ಸಾಲ ಮಾಡಿದವನು ಸಹಿ ಹಾಕುವ ಕಾಗದ. ‘ಲೆಟರ್ ಆಫ್ ಕ್ರೆಡಿಟ್’ ಕೂಡ ಹಾಗೆಯೇ ಮೋಸಗೊಳಿಸುತ್ತದೆ. ಒಪ್ಪಿದ ದಾಖಲೆಗಳನ್ನು ಸರಿಯಾಗಿ ಸಲ್ಲಿಸಿದರೆ ಮಾರಿದವನಿಗೆ ಹಣ ಕೊಡುತ್ತೇವೆಂದು ಕೊಳ್ಳುವವನ ಪರವಾಗಿ ಬ್ಯಾಂಕು ಕೊಡುವ ಮಾತು ಅದು. ನಾನು ‘ಪಾವತಿ ಭರವಸೆ ಪತ್ರ’ ಎಂದು ಬರೆಯುತ್ತೇನೆ. ಕ್ರೆಡಿಟ್ ಕಾರ್ಡ್, ಕ್ರೆಡಿಟ್ ಸ್ಕೋರ್, ಪಠ್ಯಕ್ರಮದ ಕ್ರೆಡಿಟ್‌ಗಳನ್ನು ಮುಟ್ಟಲು ಹೋಗುವುದಿಲ್ಲ. ಅವು ಜನರ ನಾಲಿಗೆಯಲ್ಲಿ ಪಳಗಿವೆ.

ಕೈಪಿಡಿಯನ್ನು ಮೊದಲಿನಿಂದ ತಿದ್ದಿದೆ. ಕಾರ್ಡಿನ ಹೆಸರನ್ನು ಬಿಟ್ಟರೆ ‘ಕ್ರೆಡಿಟ್’ ಪದ ಹತ್ತೊಂಬತ್ತು ಕಡೆ ಇತ್ತು. ಪ್ರತಿಯೊಂದರ ಪಕ್ಕದಲ್ಲೂ ‘ಬ್ಯಾಂಕು’, ‘ಬಳಕೆದಾರ’ ಎಂದು ಬರೆದು, ಹಣ ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ಬಾಣ ಎಳೆದೆ. ಬಾಣ ಎಳೆದ ಮೇಲೆ ಪದ ತಾನಾಗಿ ಹೊಳೆಯುತ್ತಿತ್ತು. ‘ಕ್ರೆಡಿಟ್ ಬ್ಯಾಲೆನ್ಸ್’ ‘ನಿಮಗೆ ಬರಬೇಕಾದ ಹಣ’ ಆಯಿತು, ‘ಅವೈಲಬಲ್ ಕ್ರೆಡಿಟ್’ ‘ಇನ್ನೂ ಬಳಸಬಹುದಾದ ಮೊತ್ತ’ ಆಯಿತು. ಹತ್ತೊಂಬತ್ತರಲ್ಲಿ ‘ಸಾಲ’ ಎಂಬ ಪದ ಉಳಿದದ್ದು ನಾಲ್ಕು ಕಡೆ. ಹಿರಿಯರು ಅದರಲ್ಲೂ ಒಂದರ ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಿ ಕಳುಹಿಸಿದರು.