ಇಲಿ ಕಚ್ಚಲೇಬೇಕೆಂದಿಲ್ಲ, ಉಚ್ಚೆ ಹೊಯ್ದರೂ ಸಾಕು

ಮನೆಯಲ್ಲಿ ಇಲಿ ಕಂಡರೆ ಎಲ್ಲರೂ ಅದರ ಹಲ್ಲಿಗೆ ಹೆದರುತ್ತಾರೆ. ನನಗೆ ಭಯ ಇರುವುದು ಅದರ ಉಚ್ಚೆಯದು. ಇಲಿ ಜ್ವರ ತರುವ ಲೆಪ್ಟೊಸ್ಪೈರಾ ಅನ್ನುವ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದಲ್ಲೇ ಠಿಕಾಣಿ ಹೂಡಿರುತ್ತದೆ. ಇಲಿಗೆ ಅದರಿಂದ ಏನೂ ಆಗುವುದಿಲ್ಲ. ಆರಾಮಾಗಿ ಓಡಾಡಿಕೊಂಡು ತಿಂಗಳುಗಟ್ಟಲೆ ಉಚ್ಚೆಯಲ್ಲಿ ಅದನ್ನು ಹೊರಗೆ ಬಿಡುತ್ತಿರುತ್ತದೆ. ಒಣ ಜಾಗದಲ್ಲಿ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ಒದ್ದೆ ಮಣ್ಣೋ ನಿಂತ ನೀರೋ ಸಿಕ್ಕಿತೋ, ವಾರಗಟ್ಟಲೆ ಬದುಕುತ್ತದೆ. ಒಡೆದ ಹಿಮ್ಮಡಿ, ಬೆರಳಿನ ಸಣ್ಣ ಗೀರು, ಕಣ್ಣು, ಬಾಯಿ, ಎಲ್ಲಿಂದ ಬೇಕಾದರೂ ನಮ್ಮೊಳಗೆ ಬರುತ್ತದೆ.

ಹಾಗಾಗಿ ಬಚ್ಚಲು, ಮೋರಿ ಪಕ್ಕ, ತೊಟ್ಟಿ ಕೆಳಗೆ ನೀರು ನಿಲ್ಲಲು ಬಿಡಬೇಡಿ. ಕೊಳಕು ನೀರಿಗೆ ಬರಿಗಾಲಲ್ಲಿ ಇಳಿಯಬೇಡಿ.

ಒಮ್ಮೆ ಹಳೇ ಪೆಟ್ಟಿಗೆ ಸರಿಸಿದರೆ ಹಿಂದೆ ರಾಶಿ ಹಿಕ್ಕೆ! ಸಿಟ್ಟು ಬಂದು ಪೊರಕೆ ತೆಗೆದುಕೊಂಡು ಗುಡಿಸಿಬಿಟ್ಟೆ. ಧೂಳೆಲ್ಲ ಮೂಗಿಗೇ ಬಡಿಯಿತು. ಏನೂ ಆಗಲಿಲ್ಲ, ಅದು ನನ್ನ ಪುಣ್ಯ ಅಷ್ಟೇ, ಜಾಣತನವಲ್ಲ. ಈಗ ಮೊದಲು ಕಿಟಕಿ ತೆರೆಯುತ್ತೇನೆ, ರಬ್ಬರ್ ಗ್ಲೌಸ್ ಹಾಕುತ್ತೇನೆ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆಯ ಮೇಲೆ ಚೆನ್ನಾಗಿ ನೆನೆಯುವಂತೆ ಹಾಕುತ್ತೇನೆ. 5 ನಿಮಿಷ ಬಿಟ್ಟು ಕಾಗದದಲ್ಲಿ ಒರೆಸಿ, ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತೇನೆ. ಬ್ಲೀಚಿಗೆ ಬೇರೆ ಕ್ಲೀನರ್, ಆಸಿಡ್ ಏನನ್ನೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಇಲಿ ಪಾಷಾಣ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಇಲಿ ಎಲ್ಲೋ ಸಂದಿಯಲ್ಲಿ ಸತ್ತು ವಾರವಿಡೀ ನಾರುತ್ತದೆ. ಅದಕ್ಕಿಂತ ತೂತು ಮುಚ್ಚುವುದು ವಾಸಿ. ಸುಂಡಿಲಿಗೆ ಪೆನ್ಸಿಲ್ ದಪ್ಪದ ತೂತು ಇದ್ದರೂ ಆಯಿತು, ನುಸುಳಿಬಿಡುತ್ತದೆ. ತೂತಿಗೆ ಸ್ಟೀಲ್ ವುಲ್ (ಉಕ್ಕಿನ ನಾರು) ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಬಟ್ಟೆ ತುರುಕಿದರೆ ಕಡಿದು ಹಾಕುತ್ತದೆ.

ಸೋಂಕು ತಗುಲಿದ ಒಂದೆರಡು ವಾರಕ್ಕೆ ಸಾಮಾನ್ಯವಾಗಿ ಜ್ವರ ಬರುತ್ತದೆ, ಕೆಲವರಿಗೆ ತಿಂಗಳೂ ಹಿಡಿಯಬಹುದು. ತಲೆನೋವು, ಕೆಂಪು ಕಣ್ಣು, ಮುಟ್ಟಿದರೆ ಚೀರುವಷ್ಟು ಮೀನಖಂಡದ ನೋವು ಇದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಬೇಗ ಡಾಕ್ಟರ ಹತ್ತಿರ ಹೋದರೆ ಆ್ಯಂಟಿಬಯಾಟಿಕ್‌ನಲ್ಲಿ ವಾಸಿಯಾಗುತ್ತದೆ. ತಡವಾದರೆ ಕಾಮಾಲೆ ಆಗಬಹುದು, ಕಿಡ್ನಿಗೂ ಏಟು ಬೀಳಬಹುದು. ನೋಡಲು ಡೆಂಗಿ ತರವೇ ಇರುತ್ತದೆ. ಅದಕ್ಕೇ ಮನೆಯಲ್ಲಿ ಇಲಿ ಕಾಟ ಇದೆ, ಕೊಳಕು ನೀರಿಗೆ ಇಳಿದಿದ್ದೆ ಎಂದು ನೀವೇ ಬಾಯಿಬಿಟ್ಟು ಹೇಳಿ. ಡಾಕ್ಟರಿಗೇನು ಕನಸು ಬೀಳುತ್ತದಾ?